ಯಾರೂ ಮುಟ್ಟದ ಎಡೆ

ಆಕಾಶಕ್ಕೆ ಬಳಿದ ನೀಲಿ ಇನ್ನೂ ಒಣಗಿರಲಿಲ್ಲ. ಕಲ್ಲುಗಳು ಇನ್ನೂ ಮೆತ್ತಗಿದ್ದವು. ಆ ಕಾಲದಲ್ಲಿ ಕಾಗೆಗಳು ‘ಕಾ ಕಾ’ ಎನ್ನುತ್ತಿರಲಿಲ್ಲ; ನಮ್ಮ ನಿಮ್ಮ ಹಾಗೆ ಪೂರ್ತಿ ಮಾತಾಡುತ್ತಿದ್ದವು.

ಹೊಳೆದಂಡೆಯ ಬೇವಿನ ಮರದಲ್ಲಿ ಕರ್ಗಿ ಎಂಬ ಕಾಗೆಯೂ ಅವಳ ತಾಯಿ ಕಾಳವ್ವನೂ ಇದ್ದರು. ಕರ್ಗಿ ಮೂರು ಮೊಟ್ಟೆ ಇಟ್ಟಿದ್ದಳು. ಒಂದು ದಿನ ನೋಡಿದರೆ ಮೂರರಲ್ಲಿ ಒಂದು ಅವಳದಲ್ಲ! ಅವಳದೊಂದು ಮರದ ಬುಡದಲ್ಲಿ ಒಡೆದು ಬಿದ್ದಿತ್ತು. ಆಚೆ ಕೊಂಬೆಯಲ್ಲಿ ಕೋಗಿಲೆ ಏನೂ ಅರಿಯದವಳ ಹಾಗೆ ರಾಗ ತೆಗೆಯುತ್ತಿದ್ದಳು.

“ಗೂಡು ಕಟ್ಟೋಕೆ ಬರಲ್ಲ, ಹಾಡೋಕೆ ಮಾತ್ರ ಬರುತ್ತೆ! ಹಾಡು ಇವಳದು, ಪಾಡು ನಂದು!” ಕರ್ಗಿ ಆ ಮೊಟ್ಟೆಯನ್ನು ತಳ್ಳಲು ಕೊಕ್ಕು ಚಾಚಿದಳು.

“ಬಿಡೇ, ಮೊಟ್ಟೆಗೇನು ಗೊತ್ತು?” ಎಂದು ಕಾಳವ್ವ ತಾನೇ ಅದರ ಮೇಲೆ ಕೂತಳು.

ಕರ್ಗಿ ಕೋಗಿಲೆಯನ್ನು ಅಟ್ಟಿಸಿಕೊಂಡು ಹಾರಿದಳು. ಹಿಂದಿನಿಂದ ಕಾಳವ್ವ “ಕಾಯೇ...” ಎಂದು ಏನೋ ಕೂಗಿದಳು.

“ನಿನಗೋಸ್ಕರ ಕಾಯ್ತಾ ನಿಲ್ಲೋಕೆ ನನಗೆ ಪುರುಸೊತ್ತಿಲ್ಲವ್ವಾ!” ಎನ್ನುತ್ತಾ ಕರ್ಗಿ ಹೊಳೆ ದಾಟಿದಳು, ಗುಡ್ಡ ದಾಟಿದಳು.

ಅಷ್ಟರಲ್ಲಿ ಆಲಿಕಲ್ಲು ಮಳೆ ಸುರಿಯಿತು. ಕರ್ಗಿ ಮರಳಿ ಬಂದಾಗ ಕಾಳವ್ವ ರೆಕ್ಕೆ ಹರಡಿಕೊಂಡೇ ಸತ್ತಿದ್ದಳು. ಅವಳ ಕೆಳಗೆ ಮೂರು ಮೊಟ್ಟೆಗಳೂ ಬೆಚ್ಚಗಿದ್ದವು.

ಕರ್ಗಿ ಗಂಟಲು ಕಟ್ಟುವ ತನಕ ಅತ್ತಳು. “ನನ್ನ ಮೊಟ್ಟೆ ಹೋಯ್ತು, ಅವ್ವನೂ ಹೋದಳು. ಎಲ್ಲಾ ಆ ಕೋಗಿಲೆಯಿಂದ. ಮೊದಲು ಎಡೆ ಮುಗೀಲಿ, ಆಮೇಲೆ ಅವಳ ಮೊಟ್ಟೆ ಹೊಳೆಗೆ!”

ಆಗಲೂ ಆ ಪದ್ಧತಿ ಇತ್ತು. ಯಾರಾದರೂ ಸತ್ತರೆ ಮೂರನೆಯ ದಿನ ಅವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಸತ್ತವರಿಗೆ ಆಸೆ ಉಳಿದಿದ್ದರೆ ಯಾವ ಜೀವಿಯೂ ಅದನ್ನು ಮುಟ್ಟುವುದಿಲ್ಲ. ಮುಟ್ಟದಿದ್ದರೆ ಹೋದ ಜೀವಕ್ಕೆ ನೆಮ್ಮದಿಯಿಲ್ಲ, ಅಲ್ಲೇ ಅಲೆಯುತ್ತಿರುತ್ತದೆ. ಆ ಆಸೆ ಏನೆಂದು ಊಹಿಸಿ, ತೀರಿಸುತ್ತೇನೆಂದು ಮಾತು ಕೊಡಬೇಕು.

ಕರ್ಗಿ ಬಂಡೆಯ ಮೇಲೆ ಅತ್ತಿಹಣ್ಣು ಇಟ್ಟಳು. ಅಳಿಲು ಬಂತು, ಮೂಸಿತು, ಹಿಂದೆ ಸರಿಯಿತು.

“ತಿನ್ನೋ ಮಾರಾಯ!”

“ಹಸಿವೇನೋ ಇದೆ ಕಣಕ್ಕ. ಬಾಯೇ ಹೋಗ್ತಿಲ್ಲ.”

“ಅವ್ವಾ, ಗೂಡಿನ ತೂತು ಮುಚ್ತೀನಿ,” ಎಂದಳು ಕರ್ಗಿ. ಅಳಿಲು ತಲೆಯಾಡಿಸಿತು. “ಆಚೆ ಮರದ ತಂಗಿ ಜೊತೆ ಜಗಳ ಬಿಡ್ತೀನಿ.” ಊಹೂಂ. “ದಿನಾ ಸ್ನಾನ ಮಾಡ್ತೀನಿ!” ಅದೂ ಅಲ್ಲ. ಇರುವೆಗಳು ಕೂಡ ಹಣ್ಣನ್ನು ಮುಟ್ಟದೆ ಸುತ್ತುಬಳಸಿ ಹೋದವು. ಹೊತ್ತು ನೆತ್ತಿಗೇರಿತು.

“ಬದುಕಿದ್ದಾಗಲೂ ಹೀಗೇ!” ಕರ್ಗಿ ರೆಕ್ಕೆ ಬಡಿದಳು. “ಬಾಯಿಬಿಟ್ಟು ಒಂದೂ ಹೇಳ್ತಿರಲಿಲ್ಲ. ಎಲ್ಲಾ ನಾನೇ ಊಹಿಸಬೇಕು!”

“ಹೇಳಿದ್ದಳಲ್ಲ,” ಎಂದಿತು ಗಾಳಿ. “‘ಕಾಯೇ ಮಗಳೇ, ಈ ಕೋಗಿಲೆ ಮೊಟ್ಟೇನೂ ಕಾಯೇ’ ಅಂದಳು. ಅರ್ಧ ಮಾತು ನಾನು ಹೊತ್ಕೊಂಡು ಹೋಗಿಬಿಟ್ಟೆ.”

“ಮೂರು ದಿನದಿಂದ ಇಟ್ಕೊಂಡು ಕೂತಿದ್ದೀಯಾ?”

“ನೀನು ಕೇಳಲಿಲ್ಲ.”

ಕರ್ಗಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಗೂಡಿಗೆ ಹಾರಿ ಆ ಮೊಟ್ಟೆಯನ್ನು ನೋಡಿದಳು. ಅವ್ವನ ಎದೆಯ ಒಂದು ಪುಕ್ಕ ಅದಕ್ಕೆ ಅಂಟಿಕೊಂಡಿತ್ತು. ಅವ್ವ ಜೀವ ಕೊಟ್ಟು ಬೆಚ್ಚಗಿಟ್ಟದ್ದನ್ನು ತಾನು ಹೊಳೆಗೆ ಎಸೆಯುವುದು ಹೇಗೆ? ಸಿಟ್ಟು ಮಾತ್ರ ಇಳಿಯಲಿಲ್ಲ.

“ಹೆತ್ತವರಿಗೆ ಹೆಗ್ಗಣ ಮುದ್ದು. ಇದನ್ನ ಹೆರದೇ ಇರೋ ನನಗ್ಯಾಕವ್ವಾ ಈ ಗ್ರಹಚಾರ? ಆಯ್ತು! ಕೋಗಿಲೆ ತಪ್ಪನ್ನ ಹೊಟ್ಟೆಗೆ ಹಾಕ್ಕೋತೀನಿ. ಅವಳ ಮೊಟ್ಟೇನೂ ಕಾಯ್ತೀನಿ, ಕಾಯ್ತೀನಿ, ಕಾಯ್ತೀನಿ! ಸಾಕಾ?”

ಮಾತು ಮುಗಿಯುವ ಮೊದಲೇ ಅಳಿಲು ಹಣ್ಣಿಗೆ ಬಾಯಿ ಹಾಕಿತು. ಕರ್ಗಿ ಅಳುತ್ತಲೇ, “ನಿಧಾನಕ್ಕೆ ತಿನ್ನೋ, ಗಂಟಲಿಗೆ ಸಿಕ್ಕೀತು!” ಎಂದು ಅದನ್ನೂ ಬೈದಳು.

ಮೊಟ್ಟೆಗಳು ಒಡೆದು ಕರ್ಗಿಯ ಎರಡು ಮರಿಗಳ ಜೊತೆ ಕೋಗಿಲೆಮರಿಯೂ ಬಂತು. ಆ ಕೋಗಿಲೆಮರಿಗೆ ಎಷ್ಟು ತಿಂದರೂ ಸಾಲದು! ಒಂದೊಂದು ತುತ್ತು ಕೊಟ್ಟಾಗಲೂ ಕರ್ಗಿ ಮೇಲೆ ನೋಡಿ, “ಕಾಯ್ತಿದೀನಿ ಅವ್ವಾ, ನೋಡ್ಕೋ!” ಎಂದು ಕೂಗುತ್ತಿದ್ದಳು. ದಿನ ಕಳೆದಂತೆ ಉಸಿರು ತಿರುಗಿಸಿಕೊಳ್ಳಲೂ ಪುರುಸೊತ್ತಿಲ್ಲದೆ, ಮಾತು ಸವೆದು ಸವೆದು ‘ಕಾ’ ಅಷ್ಟೇ ಉಳಿಯಿತು.

ಕಾಗೆಯೊಂದು ಕೋಗಿಲೆಮರಿಯ ಬಾಯಿಗೆ ತುತ್ತಿಟ್ಟು, ಕತ್ತೆತ್ತಿ “ಕಾ! ಕಾ!” ಎಂದು ಕಿರುಚುವುದನ್ನು ನೀವು ಕಂಡರೆ ಬೆಚ್ಚಬೇಡಿ, ಅದು ಇವತ್ತಿಗೂ ಸಿಡುಕುತ್ತಲೇ ಅವ್ವನಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದೆ.