ಕಂಪ್ಯೂಟರಿಗೆ ಬಂದ ಚಾಳೀಸು

ನೇಕಾರರ ಸಂಘದ ಅಧ್ಯಕ್ಷ ಚನಬಸಪ್ಪನವರಿಗೆ ತಮ್ಮ ಕಣ್ಣಿನ ಮೇಲೆ ಭಾರಿ ಅಭಿಮಾನ. ಮಗ್ಗಕ್ಕೆ ಕೂತಿದ್ದ ಕಾಲದಲ್ಲಿ ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೂ ಬಾಗಿಲಲ್ಲಿ ನಿಂತೇ ಹಿಡಿಯುತ್ತಿದ್ದರು. ಅಂಥವರು ಕನ್ನಡಕ ಹಾಕುವುದುಂಟೆ?

ಅವತ್ತು ಸಂಘದ ಕಂಪ್ಯೂಟರಿನ ಮುಂದೆ ಕೂತವರೇ ಗುಮಾಸ್ತೆ ನೀಲವ್ವನ ಮೇಲೆ ಹರಿಹಾಯ್ದರು. "ಅಕ್ಷರ ಎಲ್ಲಾ ಇರುವಿ ಹರದಾಡಿದಂಗ ಕಾಣ್ತಾವು! ಮಷೀನು ಕೆಡಿಸಿದಾಕಿ ನೀನ. ಸಂಜೀಕ ಸರಿ ಮಾಡು, ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ನೀಲವ್ವ ಪರದೆ ನೋಡಿದಳು. ಅಕ್ಷರ ಚೊಕ್ಕವಾಗಿಯೇ ಇದ್ದವು. ಕೆಟ್ಟಿದೆ ಅಂದರೆ ತನ್ನ ಕೆಲಸ ಹೋಗುತ್ತದೆ, ಕೆಟ್ಟಿಲ್ಲ ಅಂದರೆ ಹಿರಿಯರ ಮಾನ ಹೋಗುತ್ತದೆ. ಅವಳ ಅಪ್ಪ ನೇಯುವುದು ಕಲಿತದ್ದೇ ಇವರ ಮಗ್ಗದಲ್ಲಿ.

ಅವಳು ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ಪ್ಲಸ್ ಒತ್ತಿದಳು. ಪರದೆಯ ಮೇಲಿದ್ದುದೆಲ್ಲ ಒಮ್ಮೆಲೇ ದೊಡ್ಡದಾಯಿತು. ಇನ್ನೊಮ್ಮೆ ಒತ್ತಿದಳು. ಒಂದೊಂದು ಅಕ್ಷರವೂ ಹೋಳಿಗೆಯಷ್ಟು ಅಗಲವಾಯಿತು.

"ಕಾಕಾರ, ನೀವು ಹೇಳಿದ್ದು ಖರೆ ಐತ್ರಿ. ಹಳೇ ಕಂಪ್ಯೂಟರು, ಅದಕ್ಕ ಚಾಳೀಸು ಬಂದೈತಿ. ಕನ್ನಡಕ ಅದರ ಒಳಗ ಇತ್ತು, ಹಾಕೀನಿ ನೋಡ್ರಿ."

ಚನಬಸಪ್ಪನವರು ಮೇಲಿಂದ ಕೆಳಗಿನವರೆಗೆ ಸರಾಗ ಓದಿದರು. ಆಮೇಲೆ ಅವಳ ಮುಖ ನೋಡಿದರು. "ಕೆಟ್ಟೈತಿ ಅಂತ ನಾ ಮೊದಲ ಹೇಳಿದ್ನಿಲ್ಲೊ?" ಅಂದು ಟವಲು ಕೊಡವಿ ಎದ್ದು ಹೋದರು.

ಸೋಮವಾರ ಬಂದಾಗ ಅವರ ಮೂಗಿನ ಮೇಲೆ ಹೊಸ ಕನ್ನಡಕ. ನೀಲವ್ವ ತುಟಿ ಕಚ್ಚಿ ನಗು ತಡೆದಳು.

"ಏನ್ ನೋಡ್ತಿ?" ಅಂದರು ಚನಬಸಪ್ಪನವರು. "ಆ ಕಂಪ್ಯೂಟರೊಂದ ಹಾಕ್ಕೊಂಡು ಕುಂತ್ರ ಪಾಪ, ನಾಚ್ಕೊತೈತಿ. ಅದಕ್ಕ ಜೋಡಿ ಅಂತ ನಾನೂ ಹಾಕ್ಕೊಂಡೆ."