ಅಫೀಮಿನ ಗುಳಿಗೆ, ಅಜ್ಜಾರ ಮಂತ್ರ

ತುಂಗಭದ್ರೆಯ ದಂಡೆಯಲ್ಲಿ ಒಂದು ಸಣ್ಣ ಮಠವಿತ್ತು. ಅಲ್ಲಿದ್ದ ಕರಿಬಸಯ್ಯನವರು ನಾಟಿ ವೈದ್ಯರು. ಸುತ್ತಲಿನ ಜನ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯ ಪಂಪಣ್ಣ. ಮೂವತ್ತು ದಾಟಿದವನು, ಮನಸ್ಸು ಬೆಣ್ಣೆಯಂಥದು, ಭಕ್ತಿ ಮಾತ್ರ ಸ್ವಲ್ಪ ಜಾಸ್ತಿ. ಅಜ್ಜಾರು ಸೀನಿದರೂ ಅದರಲ್ಲೊಂದು ಅರ್ಥ ಹುಡುಕುತ್ತಿದ್ದ.

ಮಠದ ಎಲ್ಲ ಔಷಧಿಗಳನ್ನೂ ಪಂಪಣ್ಣ ಕೊಡಬಹುದಿತ್ತು, ಅಫೀಮಿನ ಗುಳಿಗೆಯೊಂದನ್ನು ಬಿಟ್ಟು. ಗಸಗಸೆ ಕಾಯಿಯ ಹಾಲು ಹೆಪ್ಪುಗಟ್ಟಿದರೆ ಅದೇ ಅಫೀಮು. ತಡೆಯಲಾರದ ನೋವಿಗೆ ಮಾತ್ರ ಅಜ್ಜಾರು ಅದನ್ನು ಕೊಡುತ್ತಿದ್ದರು, ಅದೂ ಒಂದೇ ಒಂದು. ಕೊಟ್ಟ ಮೇಲೆ ರೋಗಿಯ ಎದೆಯ ಮೇಲೆ ಕೈಯಿಟ್ಟು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ತುಟಿ ಮಾತ್ರ ಸಣ್ಣಗೆ ಆಡುತ್ತಿತ್ತು.

ಅದು ಮಂತ್ರ ಎಂದುಕೊಂಡಿದ್ದ ಪಂಪಣ್ಣ. ಒದ್ದಾಡುತ್ತಿದ್ದವರ ಮುಖ ಮೆಲ್ಲಗೆ ಸಡಿಲಾಗುವುದನ್ನು ಕಂಡಾಗಲೆಲ್ಲ ಅವನಿಗೆ ಮೈ ಜುಮ್ಮೆನ್ನುತ್ತಿತ್ತು. ಆ ಮಂತ್ರ ತನಗೆ ಎಂದು ಸಿಗುತ್ತದೋ ಎಂದು ಆರು ವರ್ಷದಿಂದ ಕಾದಿದ್ದ. ಬಾಯಿಬಿಟ್ಟು ಮಾತ್ರ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಹರಿಗೋಲು ನಡೆಸುವ ತಿಮ್ಮಾಲಪ್ಪನನ್ನು ನಾಲ್ಕು ಜನ ಹೊತ್ತು ತಂದರು. ಬಂಡೆಯಿಂದ ಜಾರಿ ತೊಡೆಯ ಮೂಳೆ ಮುರಿದಿತ್ತು. ಅಜ್ಜಾರು ಬಿದಿರಿನ ದಬ್ಬೆ ಕಟ್ಟಿ ಮುಗಿಸುವಷ್ಟರಲ್ಲಿ ಆಚೆ ದಂಡೆಯಿಂದ ಕರೆ ಬಂತು. ಅಲ್ಲೊಬ್ಬಳಿಗೆ ಹೆರಿಗೆ ಕಷ್ಟವಾಗಿತ್ತು.

"ಒಂದು ಗುಳಿಗಿ ಕೊಡು," ಎಂದರು ಅಜ್ಜಾರು. "ನಾ ಹೆಂಗ ಕೂಡ್ತೀನಿ, ಹಂಗ ಬಾಜು ಕೂಡು. ನಾ ಬರೋ ತನಕ ಏಳಬ್ಯಾಡ."

ಪಂಪಣ್ಣ ಒಂದು ಕೊಟ್ಟ. ತಿಮ್ಮಾಲಪ್ಪನ ಕೂಗು ನಿಲ್ಲಲಿಲ್ಲ.

"ಕೈ ಮುಗೀತೀನ್ರಿ, ಇನ್ನೊಂದು ಕೊಡ್ರಿ," ಎಂದು ಅಂಗಲಾಚಿದ. ಹೆಂಡತಿ ಹುಲಿಗೆವ್ವ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

ಪಂಪಣ್ಣನಿಗೆ ಕರುಳು ಕಿತ್ತು ಬಂತು. ಎರಡನೆಯದು ಕೊಟ್ಟ. ಆಮೇಲೆ ಮೂರನೆಯದು, ನಾಲ್ಕನೆಯದು.

ಕೂಗು ನಿಂತಿತು. ಪಂಪಣ್ಣ ಶಿವಾ ಎಂದು ಗೋಡೆಗೊರಗಿ, ಕಣ್ಣು ಮುಚ್ಚಿ, ಪಂಚಾಕ್ಷರಿ ಜಪಿಸುತ್ತ ಕೂತ.

ಮಧ್ಯಾಹ್ನ ಅಜ್ಜಾರು ಬಂದರು. ತಿಮ್ಮಾಲಪ್ಪನ ತುಟಿ ನೀಲಿಗಟ್ಟಿತ್ತು.

"ಎಷ್ಟು ಕೊಟ್ಟಿ?"

"ನಾಕು ರೀ."

ಅಜ್ಜಾರು ಅವನನ್ನು ಪಕ್ಕಕ್ಕೆ ತಳ್ಳಿ, ರೋಗಿಯ ಮುಖಕ್ಕೆ ತಣ್ಣೀರು ಎರಚಿ, ಅಂಗಾಲಿಗೆ ಫಟಾರೆಂದು ಹೊಡೆದರು.

"ತಿಮ್ಮಾಲಪ್ಪಾ, ಉಸುರು ತಗೋ."

ಎದೆ ಒಮ್ಮೆ ಏರಿ ಇಳಿಯಿತು. ಮತ್ತೆ ಏರಲಿಲ್ಲ.

"ತಿಮ್ಮಾಲಪ್ಪಾ, ಉಸುರು ತಗೋ."

ಮತ್ತೊಮ್ಮೆ ಏರಿತು. ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ.

"ಅಜ್ಜಾರ, ನಿಮ್ಮ ಮಂತ್ರ ಹೇಳ್ರಿ," ಎಂದ ಪಂಪಣ್ಣ.

"ಯಾವ ಮಂತ್ರ?"

"ಗುಳಿಗಿ ಕೊಟ್ಟ ಮ್ಯಾಲೆ ತುಟಿಯೊಳಗ ಹೇಳ್ತೀರಲ್ರಿ, ಅದು."

"ಅದು ಉಸುರು ಎಣಿಸೋದಪ್ಪಾ. ತಿಮ್ಮಾಲಪ್ಪಾ, ಉಸುರು ತಗೋ. ನೋವು ಮರೆಸೋ ಮದ್ದು, ಹೆಚ್ಚಾದ್ರ ಉಸುರಾಡೋದನ್ನೂ ಮರೆಸ್ತೈತಿ."

ಆರು ವರ್ಷ ಪಂಪಣ್ಣ ಕೈಮುಗಿದು ನಿಂತದ್ದು ಬರೀ ಲೆಕ್ಕದ ಮುಂದೆ.

"ಎರಡನೇದು ಯಾರ ನೋವಿಗೆ ಕೊಟ್ಟಿ?" ಅಜ್ಜಾರು ತಿರುಗಿಯೂ ನೋಡದೆ ಕೇಳಿದರು.

"ನನ್ನ ನೋವಿಗೆ ರೀ. ಆ ಕೂಗು ಕೇಳಾಕ ಆಗ್ಲಿಲ್ಲ."

ಅಜ್ಜಾರು ಬೈಯಲಿಲ್ಲ. ಕೂಗಿ ಕೂಗಿ ಅವರ ದನಿ ಆಗಲೇ ಬಿದ್ದುಹೋಗಿತ್ತು. "ಬಾ, ಇನ್ನ ನೀ ಹೇಳು," ಎಂದು ಜಾಗ ಬಿಟ್ಟುಕೊಟ್ಟರು.

ಪಂಪಣ್ಣ ಎದೆಯ ಮೇಲೆ ಕೈಯಿಟ್ಟು ಹೇಳತೊಡಗಿದ. ಒಂದೊಂದು ಉಸಿರಿಗೂ ಒಂದೊಂದು ಸಲ. ರೆಪ್ಪೆ ಮಿಟುಕಿಸಲೂ ಅವನಿಗೆ ಹೆದರಿಕೆ. ಬಿಸಿಲು ಅಂಗಳ ದಾಟಿ ಹೊಳೆಗಿಳಿಯಿತು. ಹುಲಿಗೆವ್ವ ಗಂಡನ ಪಾದ ತಿಕ್ಕುತ್ತಲೇ ಇದ್ದಳು.

ಹೊತ್ತು ಮುಳುಗುವಾಗ, ರೋಗಿಯ ತುಟಿಯ ನೀಲಿ ಇಳಿದದ್ದು ಕಂಡು ಅಜ್ಜಾರು ಪಂಪಣ್ಣನ ಭುಜ ಮುಟ್ಟಿದರು. "ಸಾಕು. ನಿಲ್ಲಿಸು."

"ನಿಲ್ಲಿಸಿದ್ರ ಸಾಯ್ತಾನ್ರಿ."

"ನಿಲ್ಲಿಸು."

ಪಂಪಣ್ಣ ಬಾಯಿ ಮುಚ್ಚಿದ. ಅಂಗೈಯ ಕೆಳಗೆ ಎದೆ ಇಳಿಯಿತು. ಇಳಿದೇ ಇತ್ತು. ಹುಲಿಗೆವ್ವನ ಕೈ ನಿಂತಿತು.

ಆಮೇಲೆ ಅದು ತಾನಾಗಿ ಏರಿತು. ಇಳಿದು ಮತ್ತೆ ಏರಿತು. ತನ್ನದೂ, ಅಜ್ಜಾರದೂ, ಹುಲಿಗೆವ್ವನದೂ ಎದೆಗಳು ಹಾಗೇ ಏರಿಳಿಯುತ್ತಿದ್ದುದನ್ನು ಪಂಪಣ್ಣ ಮೊದಲ ಸಲ ಕಂಡ.

"ಅಯ್ಯೋ, ನನ್ನ ತೊಡಿ," ಎಂದು ತಿಮ್ಮಾಲಪ್ಪ ನರಳಿದ. ಅಷ್ಟು ಇಂಪಾದ ಮಾತನ್ನು ಪಂಪಣ್ಣ ಹಿಂದೆಂದೂ ಕೇಳಿರಲಿಲ್ಲ. ಅವನು ಗಳಗಳನೆ ಅತ್ತು ಗುರುವಿನ ಕಾಲು ಹಿಡಿದ.

"ಜೀವ ಉಳಿಸಿದ್ರಿ, ಅಜ್ಜಾರ."

ಅಜ್ಜಾರು ಕಾಲು ಹಿಂದಕ್ಕೆಳೆದುಕೊಂಡರು. ಅವರ ಕಣ್ಣು ಇನ್ನೂ ಆ ಎದೆಯ ಮೇಲೇ ಇತ್ತು.

"ನೀನೂ ಸುಮ್ನ ಅದಿ, ನಾನೂ ಸುಮ್ನ ಅದೀನಿ," ಎಂದರು. "ಈಗ ಅವಂಗ ಉಸುರು ತಗೋ ಅಂತ ಯಾರು ಹೇಳಾಕತ್ತಾರ?"