ಗುಡ್ಡದಾಚೆಯ ನೀರುಕಾಗೆಗಳು

ಮಕ್ಕಳೇ, ಇದು ನಡೆದದ್ದು ಪುಷ್ಯ ಮಾಸದಲ್ಲಿ, ಚಳಿ ಜೋರಾಗಿದ್ದ ಒಂದು ವಾರದಲ್ಲಿ.

ಒಂದು ಗುಡ್ಡ. ಅದರ ಈಚೆಗೊಂದು ಕೆರೆ, ಆಚೆಗೊಂದು ಕೆರೆ. ಎರಡರಲ್ಲೂ ನೀರುಕಾಗೆಗಳಿದ್ದವು. ನೀರುಕಾಗೆಯ ಗರಿ ನೀರು ಹೀರುತ್ತದೆ. ಮುಳುಗಿ ಮೀನು ಹಿಡಿದ ಮೇಲೆ ಬಂಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಲೇಬೇಕು. ಆದರೆ ಎರಡೂ ಕೆರೆಗಳ ಬಂಡೆಗಳೆಲ್ಲ ತನ್ನವೆಂದು ಹೆಜ್ಜಾರ್ಲೆ ಎಂಬ ದೊಡ್ಡ ಹಕ್ಕಿಯೊಂದು ಹೇಳಿಕೊಳ್ಳುತ್ತಿತ್ತು. ಕೂತದ್ದಕ್ಕೆ ಬಾಡಿಗೆಯಾಗಿ ಮೂರರಲ್ಲಿ ಎರಡು ಮೀನು ಅದರ ಕೊಕ್ಕಿನ ಚೀಲಕ್ಕೆ ಹೋಗುತ್ತಿದ್ದವು.

ಒಂದು ಬೆಳಿಗ್ಗೆ ಅದು ಈಚೆ ಕೆರೆಯವರಿಗೆ ಹೇಳಿತು: "ಇನ್ನು ಮೇಲೆ ರೆಕ್ಕೆ ಒಣಗಿಸುವುದು ಸಂಜೆ ಒಂದೇ ಸಲ. ಹಗಲೆಲ್ಲ ಮೀನು ಹಿಡಿಯಬೇಕು. ಆಚೆ ಕೆರೆಯವರು ಒಣಗಿಸುವುದೇ ಇಲ್ಲ, ಗೊತ್ತಾ? ಅವರ ಗರಿಗೆ ನೀರೇ ಅಂಟಲ್ಲ. ನಿಮಗೆ ಆಗದಿದ್ದರೆ ಹೇಳಿ, ಅವರನ್ನೇ ಕರೆತರುತ್ತೇನೆ."

"ಬೇಡ ಧಣಿ!" ಎಂದವು ಎಲ್ಲವೂ. ಅದು ಅತ್ತ ಹಾರಿದ್ದೇ, "ಹಾಳಾದ ಆಚೆಯವರು! ನಮ್ಮ ಅನ್ನಕ್ಕೆ ಕಲ್ಲು ಹಾಕೋಕೇ ಹುಟ್ಟಿದ್ದಾರೆ," ಎಂದು ಗೊಣಗಿದವು.

ಎರಡು ದಿನ ಕಳೆಯಿತು. ದುಗ್ಗಿ ಎಂಬ ನೀರುಕಾಗೆಯ ತಮ್ಮ ಬೊಮ್ಮ ನೆನೆದ ರೆಕ್ಕೆಯ ಭಾರಕ್ಕೆ ನೀರಲ್ಲೇ ಕುಸಿದ. ದುಗ್ಗಿ ಅವನನ್ನು ದಡಕ್ಕೆ ಎಳೆದು ತಂದಳು.

"ಇನ್ನೊಂದು ದಿನ ಹೀಗಾದರೆ ನಾನು ಉಳಿಯಲ್ಲ, ಅಕ್ಕ," ಎಂದ ಬೊಮ್ಮ.

ದುಗ್ಗಿಯ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ನೀರು ಅಂಟದ ನೀರುಕಾಗೆಯೇ? ಆ ಗರಿ ಹೇಗಿರುತ್ತದೆ?

"ನೋಡಿ ಬರ್ತೀನಿ," ಎಂದಳು.

"ಹುಚ್ಚಿ! ಕುಕ್ಕಿ ಕೊಂದುಬಿಡ್ತಾರೆ!" ಎಂದವು ಉಳಿದವು.

"ಕುಕ್ಕಲಿ. ಅಷ್ಟರಲ್ಲಿ ಗರಿ ನೋಡಿಬಿಡ್ತೀನಿ."

ಆಚೆ ಕೆರೆಯ ದಡದಲ್ಲಿ ಒಂದು ಮುದಿ ನೀರುಕಾಗೆ ಗಡಗಡ ನಡುಗುತ್ತ ಕೂತಿತ್ತು. ದುಗ್ಗಿಯನ್ನು ಕಂಡದ್ದೇ ಸಿಡುಕಿತು. ಮಾತಿನ ರಾಗ ಬೇರೆ, ಆದರೂ ಅರ್ಥವಾಗುವಂತಿತ್ತು.

"ಬಂದೆಯಾ ನಮ್ಮ ಬಂಡೆ ಕಿತ್ತುಕೊಳ್ಳೋಕೆ? ನೀರು ಅಂಟದ ಗರಿಯವಳೇ!"

ದುಗ್ಗಿ ಕಕ್ಕಾಬಿಕ್ಕಿಯಾದಳು. "ಅಂಥ ಗರಿ ನಿಮ್ಮದಲ್ಲವಾ, ಅಜ್ಜಿ?"

"ನಮ್ಮದಾ? ಯಾರಂದರು?"

"ಧಣಿ."

"ನಿಮ್ಮ ಬಗ್ಗೆ ನಮಗೆ ಹೇಳಿದ್ದೂ ಅವನೇ!"

ದುಗ್ಗಿ ಬರಿ ಮಾತಿಗೆ ಬಿಡಲಿಲ್ಲ. ತನ್ನದೊಂದು ಗರಿ ಕಿತ್ತಳು. ಅಜ್ಜಿಯದೊಂದು ಕೇಳಿ ಪಡೆದಳು. ಎರಡನ್ನೂ ನೀರಲ್ಲಿ ಅದ್ದಿ, ನೂರು ಎಣಿಸಿ ಎತ್ತಿದಳು. ಎರಡೂ ಒಂದೇ ಹಾಗೆ ತೊಯ್ದು ಮುದ್ದೆಯಾಗಿದ್ದವು.

"ಅಯ್ಯೋ ಮಗಳೇ," ಅಜ್ಜಿ ನಕ್ಕಿತು, "ಸುಮ್ಮಸುಮ್ಮನೆ ನಿಮಗೆ ಎಷ್ಟು ಹಿಡಿಶಾಪ ಹಾಕಿದೆವು!"

ಅಂದು ಸಂಜೆಯೇ ಇಬ್ಬರೂ ತಮ್ಮ ತಮ್ಮ ಕೆರೆಯವರಿಗೆ ನಡೆದದ್ದನ್ನೆಲ್ಲ ಹೇಳಿದರು. ಮರುದಿನ ಹೊತ್ತು ಹುಟ್ಟುತ್ತಲೇ ಎರಡೂ ಕೆರೆಗಳಲ್ಲಿ ಎಲ್ಲವೂ ರೆಕ್ಕೆ ಹರಡಿ ಕೂತವು. ತಮ್ಮ ಹೊಟ್ಟೆಗೆ ಬೇಕಾದಷ್ಟು ಹಿಡಿದವು, ಅಷ್ಟೇ.

"ಆಚೆಯವರನ್ನು ಕರೆತರುತ್ತೇನೆ!" ಹೆಜ್ಜಾರ್ಲೆ ಗುಡುಗಿತು.

"ಕರೆತನ್ನಿ ಧಣಿ. ನಮ್ಮ ನೆಂಟರೇ," ಎಂದಳು ದುಗ್ಗಿ.

ಅದು ಆಚೆಗೆ ಹಾರಿ, "ಈಚೆಯವರನ್ನು..." ಎಂದು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, "ಬರಲಿ, ಜಾಗ ಬೇಕಾದಷ್ಟಿದೆ," ಎಂದಿತು.

ನಾಲ್ಕು ದಿನ ಚೀಲ ಖಾಲಿಯೇ ಉಳಿದ ಮೇಲೆ ಹೆಜ್ಜಾರ್ಲೆ ಮಣಿಯಿತು. ಮುಳುಗಿ ಎದ್ದಾಗಲೆಲ್ಲ ಒಣಗಲು ಬಿಡುವು. ಬಂಡೆಗೆ ಬಾಡಿಗೆ ಇಲ್ಲ. ಬೊಮ್ಮ ಬಿಸಿಲಲ್ಲಿ ರೆಕ್ಕೆ ಹರಡಿ ಚೇತರಿಸಿಕೊಂಡ. ಹೆಜ್ಜಾರ್ಲೆ ತಾನೇ ನೀರಿಗಿಳಿಯಿತು. ಸಂಜೆಯವರೆಗೆ ಅದಕ್ಕೆ ಸಿಕ್ಕಿದ್ದು ಐದೇ ಮೀನು.

ನೀತಿ: ದೂರದ ದುಡಿಮೆಗಾರರು ನಿಮ್ಮ ಶತ್ರುಗಳೆಂದು ಯಾರಾದರೂ ಹೇಳಿದರೆ, ನಂಬುವ ಮೊದಲು ಹೋಗಿ ಅವರನ್ನೇ ಕೇಳಿ. ಗಡಿ ದಾಟಿ ಒಂದಾದ ದುಡಿಯುವವರನ್ನು ಒಬ್ಬರ ಹೆಸರಲ್ಲಿ ಇನ್ನೊಬ್ಬರನ್ನು ಹೆದರಿಸಿ ಆಳಲಾಗದು.